ಟೀಚರಮ್ಮನ ಗಂಡನಿಗೆ ಅರವತ್ತು

ಸರ್ಕಾರಿ ಸಂಬಳ ತಿಂದವರು ಯಾವಾಗ ಹುಟ್ಟಿದರು ಎನ್ನುವುದು ಅವರನ್ನು ಹೆತ್ತವಳಿಗಿಂತ ಸರ್ಕಾರಕ್ಕೇ ಚೆನ್ನಾಗಿ ಗೊತ್ತು. ಹೆತ್ತವಳು ನೋವು ತಿಂದಿರಬಹುದು. ಆದರೆ ಮೊಹರು ಹಾಕಿದವಳು ಅವಳಲ್ಲ. ಈ ಸತ್ಯ ಜಯಸಿಂಹನ ತಲೆಯೊಳಗೆ ಇಳಿದದ್ದು ಸಾವಿರದ ಒಂಬೈನೂರ ಎಂಬತ್ತೈದರ ಬೇಸಿಗೆಯಲ್ಲಿ, ಶಿಕ್ಷಣ ಇಲಾಖೆಯ ಒಂದು ಕಛೇರಿಯಲ್ಲಿ, ಹೆಂಡತಿಯ ಪಕ್ಕ ನಿಂತಿದ್ದಾಗ. ಇಳಿದದ್ದು ಎನ್ನುವುದಕ್ಕಿಂತ ಸುತ್ತಿಗೆಯಲ್ಲಿ ಹೊಡೆದು ಇಳಿಸಿದ್ದು ಎನ್ನಬೇಕು.

ಜಯಸಿಂಹ ದೊಡ್ಡನೆಕ್ಕುಂದಿಯಲ್ಲಿ ಬಾಡಿಗೆಗಿದ್ದುಕೊಂಡು ಹತ್ತಿರದ ಸರ್ಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತನಾಗಿದ್ದ. ಹೆಸರಿನಲ್ಲಿ ಸಿಂಹವಿದ್ದರೂ ಅದು ಗರ್ಜಿಸಿದ್ದನ್ನು ಕಾರ್ಖಾನೆಯಲ್ಲಾಗಲಿ ಮನೆಯಲ್ಲಾಗಲಿ ಯಾರೂ ಕೇಳಿರಲಿಲ್ಲ. ಹೆಂಡತಿ ಭಾನುಮತಿ ಅದೇ ಊರಿನ ಸರ್ಕಾರಿ ಶಾಲೆಯ ಹೆಡ್‌ಮಿಸ್ಟ್ರೆಸ್. ಊರಿಗೆಲ್ಲ ಅವಳು ಟೀಚರಮ್ಮ. ಜಯಸಿಂಹ ಟೀಚರಮ್ಮನ ಗಂಡ. ಎಷ್ಟೋ ವರ್ಷ ಈ ಬಿರುದು ಹೊತ್ತು ತಿರುಗಿದರೂ ಅವನಿಗೆ ಬೇಸರವಾಗಿರಲಿಲ್ಲ. ಗಂಡ ಎನ್ನುವ ಪದ ಅದರೊಳಗೆ ಇತ್ತಲ್ಲ, ಅಷ್ಟು ಸಾಕಾಗಿತ್ತು.

ಆ ವರ್ಷ ಭಾನುಮತಿ ನಿವೃತ್ತಳಾಗಬೇಕಿತ್ತು. ಪಿಂಚಣಿಯ ಕಾಗದಗಳ ಜೊತೆ ಗಂಡ ಹೆಂಡತಿ ಒಟ್ಟಿಗೆ ಕೂತಿರುವ ಫೋಟೋ ಕೊಡಬೇಕೆಂದೂ, ಆಕೆ ತೀರಿಕೊಂಡರೆ ಗಂಡನಿಗೆ ಒಂದು ಪಾಲು ಸಲ್ಲುವುದರಿಂದ ಆ ಗಂಡ ಯಾರೆಂದು ಇಲಾಖೆಗೆ ಮುಖ ನೋಡಿ ಗೊತ್ತಾಗಬೇಕೆಂದೂ ಅಲ್ಲಿನ ಗುಮಾಸ್ತ ಪಾಪಯ್ಯ ವಿವರಿಸಿದ. ಫೋಟೋ ಆಮೇಲೆ ತನ್ನಿ, ಮೊದಲು ವಯಸ್ಸು ಹೇಳಿ ಎಂದ. ಇಬ್ಬರೂ ತಮ್ಮ ತಮ್ಮ ಸರ್ವೀಸಿನ ವಯಸ್ಸು ಹೇಳಿದರು. ಪಾಪಯ್ಯ ಬರೆದುಕೊಂಡ, ಬರೆದದ್ದನ್ನು ನೋಡಿದ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ.

“ಮೇಡಂ, ಇವರು ನಿಮಗಿಂತ ಎರಡು ವರ್ಷ ಚಿಕ್ಕವರು ಕಣ್ರೀ. ತಮ್ಮ ಅನ್ನೋ ಕಡೆ ಗಂಡ ಅಂತ ಹೇಳ್ಬಿಟ್ರಾ, ಹೆಂಗೆ?”

ಸಾಲಿನಲ್ಲಿ ನಿಂತವರು ನಕ್ಕರು. ತಲೆಯ ಮೇಲಿನ ಫ್ಯಾನು ಕೂಡ ಗಕ್ಕನೆ ನಿಂತಿತು. ಅದು ಕರೆಂಟು ಹೋದದ್ದರಿಂದ ಎಂದು ಜಯಸಿಂಹನಿಗೆ ಗೊತ್ತಾದದ್ದು ಆಮೇಲೆ.

ನಡೆದದ್ದು ಇಷ್ಟೆ. ಜಯಸಿಂಹನನ್ನು ಶಾಲೆಗೆ ಸೇರಿಸುವಾಗ ಅವನಪ್ಪ, ಮುಂದೆ ಸರ್ಕಾರಿ ಕೆಲಸ ಸಿಕ್ಕರೆ ಮಗ ನಾಲ್ಕು ವರ್ಷ ಹೆಚ್ಚಿಗೆ ಸಂಬಳ ತಿನ್ನಲಿ ಎಂದು ನಾಲ್ಕು ವರ್ಷ ಇಳಿಸಿ ಬರೆಸಿದ್ದ. ಭಾನುಮತಿಗೆ ಟೀಚರ್ ಟ್ರೈನಿಂಗ್ ಸೇರಲು ವಯಸ್ಸು ಸಾಲದೆ ಬಂದಾಗ ಅವಳ ಸೋದರಮಾವ ನಾಲ್ಕು ವರ್ಷ ಏರಿಸಿ ಬರೆಸಿದ್ದ. ನಿಜಕ್ಕೂ ಅವನೇ ಆರು ವರ್ಷ ದೊಡ್ಡವನು. ಎರಡು ಕಡೆಯ ಹಿರಿಯರೂ ದೂರದೃಷ್ಟಿಯವರು. ಎರಡು ದೂರದೃಷ್ಟಿಗಳು ಒಂದೇ ಮನೆಯಲ್ಲಿ ಸಂಸಾರ ಹೂಡಿದರೆ ಏನಾಗುತ್ತದೆ ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

ಭಾನುಮತಿಗೆ ಇದೆಲ್ಲ ತಮಾಷೆಯಾಗಿತ್ತು. ಬಸ್ಸಿನಲ್ಲಿ ಸೆರಗಿನ ಮರೆಯಲ್ಲಿ ನಕ್ಕಳು. ಅವಳ ತಲೆ ಓಡುತ್ತಿದ್ದದ್ದು ಬೇರೆ ಕಡೆ. ಪಿಂಚಣಿಯ ಒಂದು ಪಾಲನ್ನು ಸರ್ಕಾರಕ್ಕೇ ಮಾರಿ ಈಗಲೇ ಇಡಿಗಂಟು ತೆಗೆದುಕೊಳ್ಳುವುದೋ, ಇಲ್ಲ ತಿಂಗಳು ತಿಂಗಳು ಪೂರ್ತಿ ತೆಗೆದುಕೊಳ್ಳುವುದೋ ಎಂದು ಇಬ್ಬರೂ ಒಂದು ತಿಂಗಳಿಂದ ಜಗ್ಗಾಡಿದ್ದರು. ಕಾರ್ಖಾನೆಯವರಿಗೆ ಪಿಂಚಣಿ ಇಲ್ಲ. ಹೋಗುವ ದಿನ ಒಂದು ಗಂಟು, ಒಂದು ಹಾರ, ಒಂದು ಗೋಡೆ ಗಡಿಯಾರ. ಆದ್ದರಿಂದ ಅವಳ ಪಿಂಚಣಿಯನ್ನು ಮುರಿಯಕೂಡದು, ಅದು ಕೊನೆಯವರೆಗೆ ಇಬ್ಬರ ಅನ್ನ; ವೈಟ್‌ಫೀಲ್ಡ್ ರಸ್ತೆಯಲ್ಲಿ ಹಿಡಿದಿಟ್ಟ ಸೈಟಿನ ಕಂತನ್ನು ಜಯಸಿಂಹನ ಸಂಬಳದಲ್ಲಿ ತೀರಿಸುವುದು ಎಂದು ಕೊನೆಗೆ ಅವಳು ತೀರ್ಮಾನಿಸಿದ್ದಳು.

“ಎಲ್ಲಾ ನಿಮ್ಮ ಎರಡು ವರ್ಷದ ಮೇಲೆ ನಿಂತಿದೆ ರೀ,” ಎಂದಳು ಬಸ್ಸಿಳಿಯುವಾಗ. “ಕಾರ್ಖಾನೆ ಲೆಕ್ಕದಲ್ಲಿ ನಿಮಗೆ ಇನ್ನೂ ಎರಡು ವರ್ಷ ಇದೆ. ಅಲ್ಲೀತನಕ ಸುಮ್ಮನೆ ಸ್ಟೋರ್ಸಿಗೆ ಹೋಗಿ ಬನ್ನಿ. ಬೇರೇನೂ ಮಾಡಬೇಡಿ.”

ಬೇರೇನೂ ಮಾಡದೆ ಇರುವುದು ಜಯಸಿಂಹನಿಗೆ ಜೀವಮಾನವೆಲ್ಲ ಸುಲಭವಾಗಿ ಬಂದ ವಿದ್ಯೆ. ಆದರೆ ಆ ದಿನ ಕಛೇರಿಯ ಸಾಲಿನಲ್ಲಿ, ಶಾಲೆಯ ಕಾಂಪೌಂಡಿನ ಅರ್ಜಿ ಹಿಡಿದು, ಅವರ ಮನೆಯ ಮಾಲೀಕ ರಾಮಾಂಜಿನಪ್ಪ ನಿಂತಿದ್ದ. ಹೊಲಗಳನ್ನು ಕಾರ್ಖಾನೆಗಳಿಗೆ ಬಿಟ್ಟುಕೊಟ್ಟ ಮೇಲೆ ಅವನಿಗೆ ಬೆಳೆಯಲು ಉಳಿದಿದ್ದದ್ದು ಸುದ್ದಿ ಒಂದೇ. ಅವನು ಬಸ್ಸಿಳಿದು ಮನೆ ಸೇರುವುದರೊಳಗೆ ಅದು ಮೊಳಕೆಯೊಡೆದು ತೆನೆಯಾಗಿತ್ತು.

ಮರುದಿನ ಬೆಳಿಗ್ಗೆ ಅವನ ಹೆಂಡತಿ ವೆಂಕಟಮ್ಮ ಹಾಲು ಕೊಡಲು ಬಂದವಳು ಜಯಸಿಂಹನನ್ನು ಕಂಡು ಎಂದಿನಂತೆ ಸೆರಗು ಎಳೆದುಕೊಳ್ಳಲಿಲ್ಲ. “ಟೀಚರಮ್ಮ ಎದ್ದವ್ರಾ ತಮ್ಮ?” ಎಂದು ಕೇಳಿದಳು. ತಮ್ಮ. ಜಯಸಿಂಹ ಹಾಲು ಇಸಿದುಕೊಳ್ಳದೆ ಒಳಗೆ ಹೋದ. ಹೊತ್ತು ಏರಿದಂತೆ ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಭಾನುಮತಿಯ ಮುಖವನ್ನೂ ಜಯಸಿಂಹನ ಮುಖವನ್ನೂ ಬೆಲ್ಲದ ಅಚ್ಚುಗಳನ್ನು ಹೋಲಿಸುವಂತೆ ಹೋಲಿಸಿ ನೋಡಿ ಹೋದರು. ಗಂಡಸರು ಅರಳಿಕಟ್ಟೆಯಲ್ಲಿ ಅವನಿಗಾಗಿ ಮರುಗಿದರು. ಪಾಪ, ಏನೂ ಅರಿಯದ ವಯಸ್ಸಿನಲ್ಲಿ ಕಟ್ಟಿಬಿಟ್ಟಿದ್ದಾರೆ ಎಂದರು.

ಜಯಸಿಂಹ ಅಂದಿನಿಂದಲೇ ಮುದುಕನಾಗಲು ಶುರುಮಾಡಿದ. ಗಡ್ಡ ಬಿಟ್ಟ, ಅದು ಬೆಳ್ಳಗೆ ಬಂದದ್ದನ್ನು ಕಂಡು ಹಿಗ್ಗಿದ. ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ರಾಮ ರಾಮ ಎಂದ. ಮಾರತ್ತಹಳ್ಳಿಯ ಸಂತೆಯಿಂದ ಒಂದು ಊರುಗೋಲು ತಂದು ಅರಳಿಕಟ್ಟೆಯ ಮುಂದೆ ಕುಂಟಿದ. ಕುಂಟುವುದು ಯಾವ ಕಾಲು ಎಂದು ಮಾತ್ರ ಮರೆತು, ಹೋಗುವಾಗ ಎಡಗಾಲಿನಲ್ಲೂ ಬರುವಾಗ ಬಲಗಾಲಿನಲ್ಲೂ ಕುಂಟಿದ. ಟೀಚರಮ್ಮ ಚಿಕ್ಕವನನ್ನು ಕಟ್ಟಿಕೊಂಡು ಹೊಡೆಯುತ್ತಾಳೆ ಕೂಡ ಎಂದು ಊರು ಮಾತಾಡಿಕೊಂಡಿತು.

ಸುದ್ದಿ ಹೊಸಕೋಟೆಯವರೆಗೆ ಹಬ್ಬಿ ಜಯಸಿಂಹನ ಅಕ್ಕ ಅಮ್ಮಣ್ಣಿ ಟ್ರಂಕು ಹಿಡಿದು ಬಂದಿಳಿದಳು. ಹೊಸ್ತಿಲಲ್ಲೇ ನಿಂತು, ಜಾತಕ ಸುಳ್ಳು ಹೇಳಿ ಹೆಣ್ಣು ಕೊಟ್ಟ ಭಾನುಮತಿಯ ತವರಿನ ಸತ್ತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿಕೊಂಡಳು. ಭಾನುಮತಿ ನೀರು ಕೊಟ್ಟು, ಇಬ್ಬರ ವಯಸ್ಸಿನ ಕಥೆಯನ್ನು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಂತೆ ನಿಧಾನವಾಗಿ ಹೇಳಿದಳು. ಅಮ್ಮಣ್ಣಿ ಬೈಯುವುದನ್ನು ನಿಲ್ಲಿಸಿದಳು. ಬೆರಳು ಮಡಿಚಿದಳು.

“ಲೋ ಸಿಂಹು, ನೀನು ಹುಟ್ಟಿದ್ದು ಕ್ರೋಧನ ಸಂವತ್ಸರ ಕಣೋ. ಈಗ ನಡೀತಿರೋದೂ ಕ್ರೋಧನ. ಒಂದು ಸುತ್ತು ಮುಗೀತು. ನಿನಗೆ ಅರವತ್ತು.”

ಅರವತ್ತು ತುಂಬಿದ ಗಂಡಸಿಗೆ ಶಾಂತಿ ಮಾಡಿಸಿ, ಹೆಂಡತಿಯ ಕೊರಳಿಗೆ ಮತ್ತೊಮ್ಮೆ ತಾಳಿ ಕಟ್ಟಿಸುವುದು ಅವರ ಮನೆಯ ಪದ್ಧತಿ. ಊರ ಬಾಯಿ ಮುಚ್ಚಿಸಲು ಇದಕ್ಕಿಂತ ದೊಡ್ಡ ಬೀಗ ಇಲ್ಲ ಎಂದಳು ಅಮ್ಮಣ್ಣಿ. ಜಯಸಿಂಹನ ಎದೆಯೊಳಗೆ ಅಷ್ಟು ವರ್ಷ ಮಲಗಿದ್ದ ಸಿಂಹ ಒಂದು ಕಣ್ಣು ತೆರೆಯಿತು.

ಭಾನುಮತಿ ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಐವತ್ತೆಂಟಕ್ಕೆ ಮನೆಗೆ ಕಳಿಸುತ್ತಾರೆ, ನೀವು ಅಲ್ಲಿ ಐವತ್ತಾರು, ಇಲ್ಲಿ ಚಪ್ಪರ ಹಾಕಿ ಅರವತ್ತು ಎಂದರೆ ನಾಳೆಯೇ ಗಂಟು ಗಡಿಯಾರ ಕೊಟ್ಟು ಕಳಿಸುತ್ತಾರೆ ಎಂದಳು. ಜಯಸಿಂಹ ಶಾಸ್ತ್ರದ ವಯಸ್ಸು ಬೇರೆ ಸರ್ವೀಸಿನ ವಯಸ್ಸು ಬೇರೆ ಎಂದು ವಾದಿಸಿದ. ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಭಾನುಮತಿ ಸೋತಳು. ಕಾರ್ಖಾನೆಯ ಒಂದು ನೊಣವೂ ಈ ಕಡೆ ಬರಕೂಡದು ಎಂದು ಮಾತ್ರ ಆಣೆ ಹಾಕಿಸಿಕೊಂಡಳು.

ಜಯಸಿಂಹ ಆಣೆಗೆ ತಪ್ಪಲಿಲ್ಲ. ಕಾರ್ಖಾನೆಯವರನ್ನು ಕರೆಯಲಿಲ್ಲ. ಅವನು ಮಾಡಿದ್ದು ಎರಡೇ ಕೆಲಸ. ಒಂದು, ಯಾರು ತನ್ನನ್ನು ಸಾಲಿನ ಮುಂದೆ ತಮ್ಮನನ್ನಾಗಿ ಮಾಡಿದ್ದನೋ ಆ ಪಾಪಯ್ಯನನ್ನು ಖುದ್ದಾಗಿ ಹೋಗಿ ಊಟಕ್ಕೆ ಕರೆದ. ಇನ್ನೊಂದು, ಕಾರ್ಖಾನೆಯ ಪರ್ಸನೆಲ್ ಆಫೀಸರ್ ಉಪೇಂದ್ರನ ಮುಂದೆ ರಜೆ ಕೇಳುವಾಗ ಕಾರಣ ಹೊಳೆಯದೆ, ಅಕ್ಕನಿಗೆ ಸೀರಿಯಸ್ ಎಂದುಬಿಟ್ಟ. ಉಪೇಂದ್ರ ಚಿಕ್ಕ ವಯಸ್ಸಿನವನು, ಒಳ್ಳೆಯವನು. ಒಳ್ಳೆಯ ಅಧಿಕಾರಿಗಿಂತ ಅಪಾಯಕಾರಿಯಾದ ಪ್ರಾಣಿ ಇನ್ನೊಂದಿಲ್ಲ ಎಂಬುದು ಜಯಸಿಂಹನಿಗೆ ಹೊಳೆಯಲಿಲ್ಲ.

ಶಾಂತಿಯ ದಿನ ಬಂತು. ಮನೆಯ ಮುಂದೆ ಶಾಮಿಯಾನ ಎದ್ದಿತು. ಮೈಕ್‌ಸೆಟ್ಟು ರಾಮಾಂಜಿನಪ್ಪನದು, ಮೈಕು ಕೊಟ್ಟವನೇ ಮಾತಾಡಬೇಕು ಎನ್ನುವುದು ಅವನ ಕರಾರು. ಹಿಂದಿನ ಸಂಜೆಯಿಂದಲೂ ಅವನು ಹಸೆಮಣೆಯ ಸುತ್ತಲೇ ಸುಳಿಯುತ್ತಿದ್ದ. ಯಾರೂ ಇಲ್ಲದಾಗ ಒಮ್ಮೆ ಅದರ ಮೇಲೆ ಕೂತೂ ನೋಡಿದ. ವೆಂಕಟಮ್ಮ ಅದನ್ನು ಕಂಡು, ಹೊಲ ಮಾರಿದ ದುಡ್ಡಿನಲ್ಲಿ ಬುಲೆಟ್ಟು ತಗಂಡ್ಯಲ್ಲ, ನನಗೂ ಇನ್ನೊಂದು ಮದುವೆ ಮಾಡಿಸು ಎಂದು ಭಾನುಮತಿಯ ಎದುರಿಗೇ ಅವನನ್ನು ಕೇಳಿದ್ದಳು. ಭಾನುಮತಿ ನಕ್ಕಿದ್ದಳು.

ಹೋಮ ಮುಗಿಯಿತು. ಜಯಸಿಂಹ ಜರಿಪಂಚೆ ಉಟ್ಟು, ಬಿಳಿ ಗಡ್ಡ ನೇವರಿಸಿಕೊಂಡು ಊರಿನ ಕಡೆ ನೋಡುತ್ತ ಕೂತಿದ್ದ. ಮೊದಲ ಸಾಲಿನಲ್ಲಿ ಪಾಪಯ್ಯ ಕಾಫಿ ಕುಡಿಯುತ್ತಿದ್ದ. ಮಾರತ್ತಹಳ್ಳಿಯ ಸ್ಟುಡಿಯೋದವನು ಕ್ಯಾಮೆರಾ ಹಿಡಿದು ಸಿದ್ಧನಾಗಿದ್ದ; ಇಲಾಖೆಗೆ ಬೇಕಾದ ಜೋಡಿ ಫೋಟೋ ಇದರಲ್ಲೇ ಆಗಿಹೋಗಲಿ ಎಂಬುದು ಜಯಸಿಂಹನ ಉಳಿತಾಯ. ಪುರೋಹಿತರು ತಾಳಿಯನ್ನು ಅವನ ಕೈಗೆ ಕೊಟ್ಟರು. ರಾಮಾಂಜಿನಪ್ಪ ಮೈಕು ಊದಿದ.

“ಎಲ್ರೂ ಕೇಳ್ರಪ್ಪ. ನಮ್ ಸಿಂಹಯ್ನೋರಿಗೆ ಇವತ್ತು ಅರವತ್ತು ತುಂಬ್ತು. ಅರವತ್ತು. ಟೀಚರಮ್ಮನಿಗಿಂತ ಆರು ವರ್ಸ ದೊಡ್ಡೋರು. ಅಂಗೆ ಇಂಗೆ ಅಂದೋರೆಲ್ಲ ಕಿವಿ ಕೊಟ್ಟು ಕೇಳ್ಕಳಿ.”

ಈ ಮಾತು ಊರು ದಾಟಿ ರಸ್ತೆ ಮುಟ್ಟುವಾಗ ರಸ್ತೆಯಲ್ಲಿ ಒಂದು ಸ್ಕೂಟರು ಬಂದು ನಿಂತಿತು. ಉಪೇಂದ್ರ ಇಳಿದ. ಸ್ಟೋರ್ಸಿನವನ ಅಕ್ಕನಿಗೆ ಹೇಗಿದೆಯೋ ನೋಡಿ ಬರೋಣ ಎಂದು ಹೊರಟವನು ದೂರದಿಂದಲೇ ಶಾಮಿಯಾನ ಕಂಡು, ಅಯ್ಯೋ ಆಗಿಹೋಯಿತು ಎಂದುಕೊಂಡು, ಹಿಂದಕ್ಕೆ ತಿರುಗಿ ಮಾರತ್ತಹಳ್ಳಿಗೆ ಹೋಗಿ ಒಂದು ದೊಡ್ಡ ಸುಗಂಧರಾಜದ ಹಾರ ತಂದಿದ್ದ. ಅದನ್ನು ಎರಡು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಒಳಗೆ ಬಂದ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತ ನಿಂತಿದ್ದ ಮುದುಕಿಯ ಹತ್ತಿರ ಮೆಲ್ಲಗೆ ಕೇಳಿದ.

“ಅಕ್ಕ ಯಾವಾಗ ಹೋದ್ರು ಅಮ್ಮಾ?”

“ನಾನು ಎಲ್ಲಿಗಪ್ಪಾ ಹೋಗ್ಲಿ? ಬಂದಾಗಿನಿಂದ ಇಲ್ಲೇ ಇದ್ದೀನಿ,” ಎಂದಳು ಅಮ್ಮಣ್ಣಿ. “ನಾನೇ ಅವನಕ್ಕ.”

ಉಪೇಂದ್ರ ತಲೆ ಎತ್ತಿದ. ಜಯಸಿಂಹನೂ ಆಗಲೇ ತಲೆ ಎತ್ತಿದ. ಇಬ್ಬರ ಕಣ್ಣು ಕೂಡಿತು. ಜಯಸಿಂಹನ ಕೈಯಲ್ಲಿದ್ದ ತಾಳಿ ಹೋಮದ ಇಟ್ಟಿಗೆಗೆ ತಾಗಿ ಟಣ್ಣೆಂದಿತು. ನಾದಸ್ವರದವನು ಉಸಿರು ತೆಗೆದುಕೊಳ್ಳುವುದನ್ನು ಮರೆತ. ರಾಮಾಂಜಿನಪ್ಪ ಅದೇ ಹೊತ್ತಿಗೆ, ಕೇಳದವರು ಇದ್ದರೆ ಕೇಳಲಿ ಎಂದು, ಅರವತ್ತು ಎಂದು ಮತ್ತೊಮ್ಮೆ ಊದಿದ.

ಯಾರಿಗೆ ಅರವತ್ತು ಎಂದು ಉಪೇಂದ್ರ ಕೇಳಿದ. ಸಿಟ್ಟಿನಿಂದಲ್ಲ. ಅಧಿಕಾರಿಗಳು ಸಿಟ್ಟಿಲ್ಲದೆ ಕೇಳುವ ಪ್ರಶ್ನೆಗೆ ಎಂಥ ಸಿಂಹವೂ ಕುರಿಯಾಗುತ್ತದೆ. ಜಯಸಿಂಹನ ಕಣ್ಣ ಮುಂದೆ ಎರಡು ವರ್ಷದ ಸಂಬಳ, ವೈಟ್‌ಫೀಲ್ಡ್ ರಸ್ತೆಯ ಸೈಟು, ಗೋಡೆ ಗಡಿಯಾರ ಎಲ್ಲ ಒಂದರ ಹಿಂದೆ ಒಂದು ಓಡಿಹೋದವು.

“ನನಗಲ್ಲ ಸಾರ್,” ಎಂದ. ಬೆರಳು ತಾನಾಗಿ ಪಕ್ಕಕ್ಕೆ ತಿರುಗಿತು. “ಇವಳಿಗೆ.”

ಅಮ್ಮಣ್ಣಿಯ ಕೈಯಿಂದ ಪನ್ನೀರುದಾನಿ ಬಿತ್ತು. ಊರು ಹೋ ಎಂದಿತು. ಹೆಂಗಸಿಗೆ ಅರವತ್ತರ ಶಾಂತಿ ಮಾಡುವ ವಿಧಾನ ಯಾವ ಶಾಸ್ತ್ರದಲ್ಲೂ ಇಲ್ಲ, ನಾನು ಗಂಡಿನ ನಕ್ಷತ್ರ ಹೇಳಿ ಸಂಕಲ್ಪ ಮಾಡಿದ್ದೇನೆ ಎಂದು ಪುರೋಹಿತರು ಎದ್ದು ನಿಂತರು. ಇದೆಲ್ಲದರ ಮಧ್ಯೆ ಮೊದಲ ಸಾಲಿನಲ್ಲಿ ಪಾಪಯ್ಯ ಕಾಫಿಯ ಲೋಟವನ್ನು ಕೆಳಗಿಟ್ಟ. ಅವನ ಮುಖದಲ್ಲಿ ಇಡೀ ಇಲಾಖೆ ಎದ್ದು ಕೂತಿತ್ತು.

“ಒಂದ್ನಿಮಿಷ. ಮೇಡಂಗೆ ಅರವತ್ತಾ? ಹಂಗಾದ್ರೆ ಯಾವತ್ತೋ ರಿಟೈರ್ ಆಗ್ಬೇಕಿತ್ತಲ್ಲ. ಇಷ್ಟು ದಿನ ತಗೊಂಡ ಸಂಬಳ ವಾಪಸ್ಸು ಕಟ್ಟಿಸ್ಬೇಕಾಗ್ತದೆ. ಪಿಂಚಣಿ ಆಮೇಲಿನ ಮಾತು.”

ಜಯಸಿಂಹ ಲೆಕ್ಕ ಹಾಕಿದ. ಅವನಿಗೆ ಅರವತ್ತು ಎಂದರೆ ಕಾರ್ಖಾನೆ ಹೋಗುತ್ತದೆ. ಅವಳಿಗೆ ಅರವತ್ತು ಎಂದರೆ ಪಿಂಚಣಿ ಹೋಗುತ್ತದೆ. ಯಾರಿಗೂ ಅಲ್ಲ ಎಂದರೆ ಈ ಹೊಗೆ, ಈ ನಾದಸ್ವರ, ಒಳಗೆ ಬೇಯುತ್ತಿರುವ ಒಬ್ಬಟ್ಟು ಯಾತಕ್ಕೆ? ಅರವತ್ತು ಎನ್ನುವುದು ಚಪ್ಪರದ ನಡುವೆ ಹೆತ್ತವರಿಲ್ಲದ ಕೂಸಿನಂತೆ ಬಿದ್ದಿತ್ತು. ಎತ್ತಿಕೊಳ್ಳುವವರು ಯಾರೂ ಇರಲಿಲ್ಲ.

ಭಾನುಮತಿ ಹಸೆಯಿಂದ ಎದ್ದಳು. ಗದ್ದಲದ ತರಗತಿಯ ಮುಂದೆ ನಿಲ್ಲುವಂತೆ ಸೀರೆಯ ನೆರಿಗೆ ಸರಿಮಾಡಿಕೊಂಡು ನಿಂತಳು. ರಾಮಾಂಜಿನಪ್ಪನ ಕೈಯಿಂದ ಮೈಕು ತೆಗೆದುಕೊಂಡಳು. ಊರು ತಾನಾಗಿ ಕೈಕಟ್ಟಿತು. ಅರ್ಧ ಊರು ಅವಳ ಕೈಯಲ್ಲಿ ಪೆಟ್ಟು ತಿಂದದ್ದು.

“ಅರವತ್ತು ನಮ್ಮ ಮನೆ ಮಾಲೀಕರಾದ ರಾಮಾಂಜಿನಪ್ಪನವರಿಗೆ,” ಎಂದಳು. “ತಮ್ಮ ವಯಸ್ಸನ್ನ ತಾವೇ ಮೈಕಲ್ಲಿ ಹೇಳ್ಕೊಳ್ಳೋಕೆ ಸಂಕೋಚಪಟ್ಟು ನಮ್ಮ ಯಜಮಾನರ ಹೆಸರು ಹೇಳಿದ್ರು. ಇವರು ಗಾಬರೀಲಿ ನನ್ನ ಕಡೆ ಬೆರಳು ತೋರಿಸಿದ್ರು. ಅವರ ಜಾಗದಲ್ಲಿ ನಾವು ಕೂತು ಮೊದಲರ್ಧ ನಡೆಸಿಕೊಟ್ವಿ. ಈಗ ದೊಡ್ಡವರು ಬಂದು ಹಸೆ ಮೇಲೆ ಕೂರಬೇಕು. ವೆಂಕಟಮ್ಮ, ಬಾಮ್ಮ.”

ರಾಮಾಂಜಿನಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಹಸೆಮಣೆಯ ಕಡೆ ಒಂದು ಹೆಜ್ಜೆ ಇಟ್ಟ. ಪುರೋಹಿತರು ಅವನನ್ನು ಮೇಲಿಂದ ಕೆಳಕ್ಕೆ ನೋಡಿ, ಇವನಿಗೆ ಅರವತ್ತಾಗಿದೆ ಎನ್ನಲು ಏನಾಧಾರ ಎಂದು ಕೇಳಿದರು. ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಹೊರಗೆ ಬುಲೆಟ್ಟು ನಿಂತಿತ್ತು. ಆಗ ರಾಮಾಂಜಿನಪ್ಪ ಬಾಯಿಬಿಟ್ಟ.

“ಆಗಿಲ್ಲ ಅಂತ ಯೋಳೋನು ಯಾವನಿದ್ದಾನೆ ಸ್ವಾಮಿ? ನಾನು ಉಟ್ಟಿದ್ದನ್ನ ನಮ್ಮವ್ವ ನೋಡವ್ಳೆ, ನಮ್ಮೆಮ್ಮೆ ನೋಡೈತೆ. ಎಲ್ಡೂ ಸತ್ತೋದವು. ನೀವು ಮಂತ್ರ ಯೋಳಿ.”

ಶಾಲೆಯ ಮೆಟ್ಟಿಲು ಹತ್ತದ, ಸಂಬಳದ ಮುಖ ನೋಡದ ಆ ಮನುಷ್ಯನ ವಯಸ್ಸನ್ನು ಯಾವ ಸರ್ಕಾರವೂ ಬರೆದುಕೊಂಡಿರಲಿಲ್ಲ. ಚಪ್ಪರದ ಕೆಳಗೆ ಸ್ವತಂತ್ರನಾಗಿದ್ದವನು ಅವನೊಬ್ಬನೇ. ಪುರೋಹಿತರು ಗೋತ್ರ ಕೇಳಿದರು. ಗೊತ್ತಿಲ್ಲವೆಂದಾಗ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಎಂದು ಸೇರಿಸಿಕೊಂಡು ಸಂಕಲ್ಪವನ್ನು ಮೊದಲಿಂದ ಎತ್ತಿದರು. ಸತ್ತವಳಿಗೆಂದು ಬಂದ ಸುಗಂಧರಾಜದ ಹಾರ ರಾಮಾಂಜಿನಪ್ಪನ ಕೊರಳಿಗೆ ಬಿತ್ತು. ಭಾನುಮತಿಗೆಂದು ಮಾಡಿಸಿದ ಹೊಸ ತಾಳಿ ವೆಂಕಟಮ್ಮನ ಕೊರಳಿಗೇರಿತು. ವೆಂಕಟಮ್ಮ ಹದಿನಾರರ ಹುಡುಗಿಯಂತೆ ನಾಚಿದಳು. ಅಮ್ಮಣ್ಣಿ ಒಂದು ಮೂಲೆಯಲ್ಲಿ ಕೂತು, ತವರಿನ ಚಿನ್ನ ಬೇರೆಯವರ ಪಾಲಾದದ್ದಕ್ಕೆ ಮೂಗು ಸೀಟಿಕೊಂಡು ಅತ್ತಳು. ನೋಡಿದವರು ಅದನ್ನು ಆನಂದಬಾಷ್ಪ ಎಂದರು.

ಆಶೀರ್ವಾದದ ಹೊತ್ತು ಬಂತು. ಹಿರಿಯರ ಕಾಲಿಗೆ ಕಿರಿಯರು ಬೀಳಬೇಕು. ಉಪೇಂದ್ರ ನೋಡುತ್ತಿದ್ದ, ಪಾಪಯ್ಯ ನೋಡುತ್ತಿದ್ದ. ಜಯಸಿಂಹ ತನಗಿಂತ ಹನ್ನೆರಡು ವರ್ಷವಾದರೂ ಚಿಕ್ಕವನಿದ್ದ ರಾಮಾಂಜಿನಪ್ಪನ ಕಾಲಿಗೆ ಬಿದ್ದ. ಏಳುವಾಗ ಅಭ್ಯಾಸಬಲದಿಂದ ರಾಮ ರಾಮ ಎನ್ನಲು ಹೋದವನು ಹೆಂಡತಿಯ ಕಣ್ಣು ಕಂಡು ಆ ರಾಮನನ್ನು ಅಲ್ಲೇ ನುಂಗಿದ.

ಉಪೇಂದ್ರ ಎಲೆಯ ಮುಂದೆ ಕೂತ. ಮೊದಲ ಒಬ್ಬಟ್ಟಿನವರೆಗೂ ಅವನಿಗೆ ಅನುಮಾನವಿತ್ತು. ಜಯಸಿಂಹ ಅದರ ಮೇಲೆ ತುಪ್ಪ ಬಡಿಸಿದ. ಎರಡನೆಯದರ ಮೇಲೂ ಬಡಿಸಿದ. ಹೊಟ್ಟೆ ತುಂಬಿದ ಅಧಿಕಾರಿ ದಾಖಲೆಗೆ ವಿರುದ್ಧವಾದದ್ದನ್ನು ಯಾವತ್ತೂ ನಂಬುವುದಿಲ್ಲ. ಎದ್ದು ಕೈತೊಳೆದು, ಅಕ್ಕನವರು ಇಷ್ಟು ಬೇಗ ಚೇತರಿಸಿಕೊಂಡದ್ದು ಸಂತೋಷ ಎಂದು ಜಯಸಿಂಹನ ಬೆನ್ನು ತಟ್ಟಿದ.

“ಆದ್ರೂ ಜಯಸಿಂಹ, ಆ ಗಡ್ಡ ನೋಡಿ ನಿಮಗೇ ಅರವತ್ತು ಅಂದ್ಕೊಂಡ್ಬಿಟ್ಟಿದ್ದೆ. ನಿಮ್ಮದು ಇನ್ನೂ ನಾಲ್ಕು ವರ್ಷ ಇದೆಯಲ್ಲ? ಆಗ ನನ್ನನ್ನ ಮಾತ್ರ ಕರೀಲೇಬೇಕು. ನಾನು ಬರೆದಿಟ್ಕೋತೀನಿ.”

ಬರೆದಿಟ್ಟುಕೊಳ್ಳುವವರ ಸಂತತಿ ಸಾವಿರವಾಗಲಿ. ಸ್ಕೂಟರು ಮರೆಯಾಗುವವರೆಗೂ ಜಯಸಿಂಹ ಕೈಮುಗಿದುಕೊಂಡೇ ನಿಂತಿದ್ದ.

ಭಾನುಮತಿ ಅವನನ್ನು ಒಂದು ಮಾತೂ ಬೈಯಲಿಲ್ಲ. ಅದೇ ಸಂಜೆ ಅವನನ್ನು ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ ಗಡ್ಡ ಬೋಳಿಸಿದಳು. ತೆಂಗಿನ ಚಿಪ್ಪಿನಲ್ಲಿ ಕಪ್ಪು ಬಣ್ಣ ಕಲಸಿ ತಲೆಗೂ ಮೀಸೆಗೂ ಹುಬ್ಬಿಗೂ ಬಳಿದಳು. ಊರುಗೋಲನ್ನು ಒಲೆಗೆ ಹಾಕಿದಳು. ಇನ್ನು ಎರಡು ವರ್ಷ ಪ್ರತಿ ಭಾನುವಾರ ಇದೇ ಎಂದಳು. ಅವಳು ಮಾತ್ರ ತನ್ನ ನರೆಗೂದಲನ್ನು ಮುಟ್ಟಲಿಲ್ಲ. ನನ್ನ ವಯಸ್ಸು ಆಗಿಹೋಯಿತು, ನಿಮ್ಮದನ್ನು ಕಾಯಬೇಕು ಎಂದಳು.

ಒಂದು ವಾರದ ಮೇಲೆ ಮಾರತ್ತಹಳ್ಳಿಯ ಸ್ಟುಡಿಯೋದಲ್ಲಿ ಜೋಡಿ ಫೋಟೋ ತೆಗೆಸಿದರು. ಕಛೇರಿಯಲ್ಲಿ ಪಾಪಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿದ. ಎಡಕ್ಕೆ ನರೆತ ಕೂದಲಿನ ಗಂಭೀರ ಟೀಚರಮ್ಮ. ಬಲಕ್ಕೆ ಮಸಿಯಂಥ ಮೀಸೆಯ, ಕಣ್ಣು ಬಿಟ್ಟುಕೊಂಡು ಕೂತ ಜಯಸಿಂಹ.

“ಈಗ ಸರಿಯಾಯ್ತು ನೋಡಿ ಮೇಡಂ,” ಎಂದ ಪಾಪಯ್ಯ ಮೊಹರು ಹಾಕುತ್ತ. “ಮೊದಲು ಇವರನ್ನ ನೋಡಿದ್ರೆ ವಯಸ್ಸು ತಾಳೆ ಆಗ್ತಿರಲಿಲ್ಲ.”

ಪಿಂಚಣಿ ಮುರಿಯದೆ ಪೂರ್ತಿ ಮಂಜೂರಾಯಿತು. ಸೈಟಿನ ಕಂತು ತಪ್ಪಲಿಲ್ಲ. ಜಯಸಿಂಹ ಸ್ಟೋರ್ಸಿಗೆ ಹೋಗಿ ಬರುತ್ತಿದ್ದಾನೆ. ಅರಳಿಕಟ್ಟೆಯ ಮೇಲೆ ಈಗ ರಾಮಾಂಜಿನಪ್ಪ ಅರವತ್ತು ದಾಟಿದವನ ಠೀವಿಯಲ್ಲಿ ಕೂತಿರುತ್ತಾನೆ. ಕಾರ್ಖಾನೆಯ ಬಸ್ಸಿಗೆ ಓಡುವ ಜಯಸಿಂಹನನ್ನು ಕಂಡರೆ ಅವನು ಕೂತಲ್ಲಿಂದಲೇ ಕೈಯೆತ್ತಿ ಹರಸುತ್ತಾನೆ.

ಮೊನ್ನೆ ವೆಂಕಟಮ್ಮ ಹಾಲು ಕೊಡಲು ಬಂದವಳು ಗೋಡೆಯ ಮೇಲಿನ ಜೋಡಿ ಫೋಟೋ ನೋಡುತ್ತ ಬಹಳ ಹೊತ್ತು ನಿಂತಳು. ಕೊರಳಲ್ಲಿ ಹೊಸ ತಾಳಿ ಹೊಳೆಯುತ್ತಿತ್ತು.

“ನಿಮ್ ತಮ್ಮ ಫೋಟೋದಾಗೆ ಎಂಗ್ ಕಾಣ್ತವ್ನೆ ಟೀಚರಮ್ಮ,” ಎಂದಳು ಮೆಚ್ಚಿಗೆಯಿಂದ. “ಇನ್ನೂ ಒಂದು ಎಣ್ಣು ನೋಡ್ಬೋದು.”

ಒಳಗೆ ಕನ್ನಡಿಯ ಮುಂದೆ ಹುಬ್ಬಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಜಯಸಿಂಹ ಕುಂಚವನ್ನು ಮೆಲ್ಲಗೆ ಕೆಳಗಿಟ್ಟು, ಬಾಗಿಲು ಹಾಕಿಕೊಂಡ.